ನಲವತ್ತೊಂದನೇ ಗುರುತು

"ಹದಿನಾಲ್ಕು ವರ್ಷದ ಹಿಂದೆ ಕೈಕಾಲು ಹಿಡಿದು ಮಾರಿದ್ದೂ ನೀವೇ, ಈಗ ಕೈಕಾಲು ಹಿಡಿದು ವಾಪಸ್ ಕೇಳೋದೂ ನೀವೇ. ನಾಚಿಕೆ ಆಗಲ್ವಾ ಮುನಿಶಾಮಣ್ಣ?"

"ಬಿಟ್ಟಿ ಕೇಳ್ತಿದೀನಾ? ರೇಟು ಕೊಡ್ತೀನಿ ಅಂತ ತಾನೇ ಬಂದಿರೋದು? ಗಾರ್ಮೆಂಟ್ಸಲ್ಲಿ ಗುಂಡಿ ಹೊಲಿಯೋಳಿಗೆ ಮೆಟ್ರೊ ಸ್ಟೇಷನ್ ಪಕ್ಕದ ಮನೆ ಯಾಕಮ್ಮ?"

"ನಾಲಿಗೆ ಬಿಗಿ ಹಿಡಿದು ಮಾತಾಡಿ. ಈ ಮನೇನ ಯಾರಿಗೂ ಮಾರಲ್ಲ ಅಂತ ತೀರ್ಮಾನ ಮಾಡಿದೀನಿ. ತಗೊಂಡೋರ ಶಾಪ ನನಗೆ ಬೇಡ. ನಿಮಗಂತೂ ಬೇಡವೇ ಬೇಡ, ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ಎದ್ದು ಹೊರಡಿ."

ಆದಿಲಕ್ಷ್ಮಿ ಬಾಗಿಲು ಮುಚ್ಚಿದಳು. ಚೌಕಟ್ಟಿನಲ್ಲಿ ಯುಗಾದಿಯ ಮಾವಿನ ತೋರಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಮುನಿಶಾಮಿ ಕಾಂಪೌಂಡಿಗೆ ಒರಗಿ ಚಪ್ಪಲಿ ಮೆಟ್ಟಿದ. ತೋಳಿಗೆ ಮೆತ್ತಿದ ಸುಣ್ಣವನ್ನು ಬೈಯುತ್ತಾ ಕೊಡವಿದ. ಹಿಂದಿನ ಗಲ್ಲಿಯ ಕಲ್ಲುಚಪ್ಪಡಿಗಳ ಮೇಲೆ ಅವನ ಸ್ಕೂಟರು ಎಂದಿನಂತೆ ಗುಡುಗುಡು ಅಂದಿತು.

ಅವನ ಹೊಟ್ಟೆಯೊಳಗಿನ ಉರಿಗೆ ಕಾರಣ ಇತ್ತು. ಗರುಡಾಚಾರ್‌ಪಾಳ್ಯದ ಈ ಸಾಲನ್ನು ಹುಟ್ಟಿಸಿದವನೇ ಅವನು. ಆಗ ಇಲ್ಲಿದ್ದದ್ದು ಮುಳ್ಳುಗಿಡ, ಹಂದಿ, ಕಾಲುವೆಯ ಅಂಚು. ಒಡೆದ ಕಟ್ಟಡಗಳ ಮಣ್ಣನ್ನು ಲಾರಿಗಟ್ಟಲೆ ತಂದು ಸುರಿದು, ಮಟ್ಟ ಮಾಡಿ, ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಸೈಟು ಅಂದ. ಕೊಳ್ಳುವವರೇ ಇರಲಿಲ್ಲ. ಕೊನೆಯ ಸೈಟನ್ನು ಈ ಹೆಂಗಸಿಗೆ ನೀರಿನ ಬೆಲೆಗೆ ಕೊಟ್ಟು ಕೈತೊಳೆದುಕೊಂಡಿದ್ದ. ಈಗ ಅದೇ ಜಾಗದ ಬಗ್ಗೆ ದಿನಕ್ಕೆ ಹತ್ತು ಫೋನು.

ಸರ್ಕಾರ ಬಜೆಟ್ಟಿನಲ್ಲಿ ಒಂದು ಸಾಲು ಓದಿದರೆ ಸಾಕು, ನಗರದ ಆ ಮೂಲೆ ಎದ್ದು ಕೂರುತ್ತದೆ ಎಂಬುದನ್ನು ಅವನು ಇಪ್ಪತ್ತು ವರ್ಷದ ದಲ್ಲಾಳಿಕೆಯಲ್ಲಿ ಕಲಿತಿದ್ದ. ರೈಲು ಬರಬೇಕಾಗಿಲ್ಲ, ಬರುತ್ತದೆ ಅಂದರೆ ಸಾಕು. ಈ ಸಲ ಕೆ.ಆರ್. ಪುರದ ಕಡೆ ಮೆಟ್ರೊದ ಹೊಸ ಕವಲಿಗೆ ದುಡ್ಡಿಟ್ಟರು. ಮಾರನೇ ಬೆಳಿಗ್ಗೆಯೇ ಟು-ಲೆಟ್ ಬೋರ್ಡುಗಳ ಮೇಲಿನ ಬಾಡಿಗೆ ತಿದ್ದಿದ್ದರು. ಪೇಪರಿನ ಅದೇ ಪುಟದಲ್ಲಿ ಶಾಲೆಯ ಶೌಚಾಲಯ, ಮಳೆನೀರು ಕಾಲುವೆ, ಬೀದಿದೀಪ ಎಂದು ಬೇರೆ ಬಾಬತ್ತುಗಳೂ ಇದ್ದವು. ಅವನು ಮೆಟ್ರೊದ ನಕ್ಷೆಯನ್ನಷ್ಟೇ ಕತ್ತರಿಸಿ ಜೇಬಿಗಿಟ್ಟುಕೊಂಡ.

ನಕ್ಷೆ ಹೇಳುತ್ತಿದ್ದದ್ದು ಇಷ್ಟು: ಗೆರೆಯ ಪಕ್ಕ ಇದ್ದರೆ ಬಂಗಾರ, ಗೆರೆಯ ಮೇಲೆ ಇದ್ದರೆ ಬೂದಿ. ಆದಿಲಕ್ಷ್ಮಿಯ ಮನೆ ಗೆರೆಯಿಂದ ಎರಡು ರಸ್ತೆ ಆಚೆ, ಬಂಗಾರದ ಕಡೆ. ಗೆರೆಯನ್ನು ಸ್ವಲ್ಪ ಸರಿಸಿದರೆ ಅವಳಾಗಿಯೇ ಓಡಿಬರುತ್ತಾಳೆ. ಸರಿಸಲು ಬೇಕಾದದ್ದು ಒಂದು ಡಬ್ಬಿ ಕೆಂಪು ಬಣ್ಣ.

ಬಣ್ಣವನ್ನು ಶಿವಾಜಿನಗರದಲ್ಲಿ ಕೊಂಡ, ಪಾಳ್ಯದ ಅಂಗಡಿಯವರ ನೆನಪಿನಲ್ಲಿ ಉಳಿಯಬಾರದು. ಹಳದಿ ಜಾಕೆಟ್ಟು, ಹೆಲ್ಮೆಟ್ಟು ಅಲ್ಲೇ ಗುಜರಿಯಲ್ಲಿ ಸಿಕ್ಕವು. ಕತ್ತಲಲ್ಲಿ ಹೋಗುವ ದಡ್ಡತನ ಅವನದಲ್ಲ. ಕತ್ತಲಲ್ಲಿ ಗೋಡೆ ಮುಟ್ಟುವವನು ಕಳ್ಳ, ಹಗಲಲ್ಲಿ ಟೇಪು ಹಿಡಿದವನು ಸರ್ಕಾರ. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ, ಅವಳು ಫ್ಯಾಕ್ಟರಿಯಲ್ಲಿದ್ದಾಗ, ಮುಖಕ್ಕೆ ಮಾಸ್ಕು ಕಟ್ಟಿಕೊಂಡು ಬಂದ. ಎರಡು ರಸ್ತೆ ಆಚೆ ನಿಜವಾದ ಮೆಟ್ರೊ ಸರ್ವೆಯವರ ಗುರುತು ನಲವತ್ತಕ್ಕೆ ನಿಂತಿತ್ತು. ಅವರದೇ ಬಾಣ, ಅವರದೇ ವಕ್ರ ಅಕ್ಷರದಲ್ಲಿ ಆ ಬೆಳ್ಳನೆಯ ಕಾಂಪೌಂಡಿನ ಮೇಲೆ ನಲವತ್ತೊಂದು ಎಂದು ಬರೆದ. ಎದುರು ಮನೆಯವನೊಬ್ಬ ಬಂದು ನೀರು ಕೊಟ್ಟು ಹೋದ.

ಎರಡು ದಿನ ಬಿಟ್ಟು, ಏನೂ ಅರಿಯದವನಂತೆ ಹೋದ. ಆದಿಲಕ್ಷ್ಮಿ ಗೋಡೆಯ ಮುಂದೆ ನಿಂತಿದ್ದಳು.

"ಅಯ್ಯೋ, ನಿಮ್ಮನೆಗೂ ಬಂತಾ?" ಅಂದ. "ಪರಿಹಾರ ಅಂತ ಕೂತ್ರೆ ಮುದುಕಿ ಆಗ್ಬಿಡ್ತೀರಾ ಅಕ್ಕ."

ಅವಳು ಬೆರಳಿಂದ ಬಣ್ಣ ಸವರಿ ನೋಡಿದಳು. ಆಮೇಲೆ ಅವನನ್ನು ನೋಡಿದಳು, ತುಂಬ ಹೊತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳ ಭುಜ ಕುಲುಕಿತು. ಅಳಲಿ ಬಿಡು ಎಂದುಕೊಂಡ ಅವನು.

"ಗುರುತು ಬಿದ್ದಿರೋ ಮನೇನ ಯಾರು ತಗೋತಾರೆ ಅಣ್ಣ?"

"ನಾನಿದೀನಲ್ಲ. ಅರ್ಧ ರೇಟಿಗೆ ಆಗುತ್ತೆ. ಸರ್ಕಾರದ ಹತ್ರ ನಾನು ಗುದ್ದಾಡ್ಕೋತೀನಿ."

"ಪೂರ್ತಿ ಒಂದೇ ಸಲ ಕೊಡ್ಬೇಕು. ಯೋಚ್ನೆ ಮಾಡಿ. ಆಮೇಲೆ ನನ್ನ ಬೈಬಾರ್ದು."

ಗುರುತು ಬಿದ್ದ ಮನೆಗೆ ಯಾವ ಬ್ಯಾಂಕೂ ಸಾಲ ಕೊಡಲಿಲ್ಲ. ತನ್ನ ಬಣ್ಣ ಬ್ಯಾಂಕಿನವರನ್ನೂ ನಂಬಿಸಿತಲ್ಲ ಎಂದು ಅವನಿಗೆ ಹೆಮ್ಮೆಯೇ ಆಯಿತು. ಹಲಸೂರಿನ ಸ್ವಂತ ಮನೆ ಮಾರಿದ. ಹೆಂಡತಿ ಶಾಂತಕುಮಾರಿ ಹದಿನೈದು ದಿನ ಮಾತು ಬಿಟ್ಟಳು. "ಆರು ತಿಂಗಳು ತಡಿ ಕಣೇ, ಒಂದಕ್ಕೆ ಮೂರು ಮನೆ ತೆಗೀತೀನಿ" ಅಂದ. ಸರ್ವೆ ಆಫೀಸಿನಲ್ಲಿ ಒಮ್ಮೆ ವಿಚಾರಿಸೋಣ ಎಂಬ ಯೋಚನೆ ಬಂದು ಹೋಯಿತು. ತಾನೇ ಹುಟ್ಟಿಸಿದ ಸೈಟು, ತಾನೇ ಬರೆದ ಗುರುತು. ವಿಚಾರಿಸುವುದೇನನ್ನು?

ಕ್ರಯಪತ್ರಕ್ಕೆ ಒಂದು ಮಾತು ಅವನೇ ಸೇರಿಸಿದ. ಬೆಲೆ ಕಮ್ಮಿಯಾಯಿತೆಂದು ನಾಳೆ ಅವಳು ಕೋರ್ಟಿಗೆ ಹೋಗಬಾರದಲ್ಲ. "ಸದರಿ ಸ್ವತ್ತು ಸರ್ಕಾರಿ ಕಾಮಗಾರಿಗೆ ಒಳಪಡಬಹುದೆಂದು ತಿಳಿದೇ ಕೊಂಡಿರುತ್ತೇನೆ, ಮಾರಿದವರ ಮೇಲೆ ಯಾವ ತಕರಾರೂ ಇರುವುದಿಲ್ಲ." ಆದಿಲಕ್ಷ್ಮಿ ಅದನ್ನು ಎರಡು ಸಲ ಓದಿಸಿಕೊಂಡು ಸಹಿ ಹಾಕಿದಳು.

ಭಾನುವಾರ ಟೆಂಪೊ ಬಂತು. ಒಂದು ಬೀರು, ಹೊಲಿಗೆ ಮಿಷನ್ನು, ನಾಲ್ಕು ಚೀಲ. ಬೀಗದ ಕೈಯನ್ನು ಅವನ ಅಂಗೈಗೆ ಹಾಕಿದಳು.

"ಗೋಡೆ ಮುಟ್ಬೇಡಿ ಅಣ್ಣ. ಸರ್ಕಾರದ್ದು."

"ಆಯ್ತಮ್ಮ, ಹೋಗಿ ಬಾ."

"ಬರೋದೇನಿಲ್ಲ" ಎಂದು ಹೇಳಿ ಡ್ರೈವರ್ ಪಕ್ಕ ಹತ್ತಿ ಕೂತಳು.

ಟೆಂಪೊ ತಿರುವು ತಲುಪುವವರೆಗೂ ಅವನಿಗೆ ತಾಳ್ಮೆ ಇರಲಿಲ್ಲ. ಸಂಜೆ ನಾಲ್ಕಕ್ಕೆ ಮನೆ ನೋಡಲು ಜನ ಬರುವವರಿದ್ದರು. ತಂತಿ ಬ್ರಷ್ಷು ತೆಗೆದು ನಲವತ್ತೊಂದನ್ನು ಜೋರಾಗಿ ಉಜ್ಜಿದ. ಎಣ್ಣೆಬಣ್ಣ ಸುಲಭವಾಗಿ ಬಂತು, ತನ್ನ ಕೆಳಗಿನ ಯುಗಾದಿಯ ಸುಣ್ಣವನ್ನೂ ಹಪ್ಪಳದ ಹಾಗೆ ಎಬ್ಬಿಸಿಕೊಂಡು ಬಂತು. ಸುಣ್ಣದ ಕೆಳಗೂ ಕೆಂಪು. ಇನ್ನಷ್ಟು ಉಜ್ಜಿದ. ಬೇರೆ ಕೈಬರಹ, ಹಬ್ಬಕ್ಕೂ ಮೊದಲಿನ ತಾರೀಖು, ಮನೆಯ ಆ ತುದಿಯಿಂದ ಈ ತುದಿಗೆ ಎಳೆದ ಬಾಣ: "ರಾಜಕಾಲುವೆ ಒತ್ತುವರಿ. ಪೂರ್ತಿ ತೆರವು. ಪರಿಹಾರವಿಲ್ಲ." ಮುನಿಶಾಮಿ ತಲೆ ಎತ್ತಿದ. ಹಿಂದಿನ ಗಲ್ಲಿಯ ಚಪ್ಪಡಿಗಳ ಮೇಲೆ ಟೆಂಪೊ ಗುಡುಗುಡು ಎಂದು ದಾಟುತ್ತಿತ್ತು, ಕೆಳಗೆ ನೀರಿನ ಟೊಳ್ಳು ಇದೆಯೆಂದು ಸಾರಿ ಹೇಳುವ ಹಾಗೆ. ಆಮೇಲೆ ಆ ಸದ್ದೂ ನಿಂತಿತು.