ಮೆಟ್ಟಿಲ ಮೇಲಿನ ಹಸಿರು ಚೌಕ

ದೇವರ ಮೇಲೆ ಭಾರ ಹಾಕಿ, ಕಂಡದ್ದನ್ನಷ್ಟೇ ಹೇಳುತ್ತೇನೆ. ಮನೆಯೊಳಗೆ ಕಾವಲಿಗೆಂದು ಕ್ಯಾಮೆರಾ ಹಾಕಿಸಿದ್ದೆ; ಬೆಕ್ಕು ಓಡಿದರೂ ಪರದೆ ಅಲುಗಿದರೂ ಫೋನು ಕೂಗುತ್ತಿತ್ತು. ಕ್ಯಾಮೆರಾದವನನ್ನು ಕರೆಸಿ, ಮನುಷ್ಯರಿಗೆ ಮಾತ್ರ ಕೂಗುವಂತೆ ಮಾಡಿಸಿದೆ. ಬೆಕ್ಕಿನ ಕಾಟ ತಪ್ಪಿತು. ಆದರೆ ಹಾಡುಹಗಲಲ್ಲೇ ಫೋನು ಕೂಗಿತು. ಫೋನಿನ ಚಿತ್ರದಲ್ಲಿ ಮನುಷ್ಯರಿದ್ದಲ್ಲಿ ಮೂಡುವ ಹಸಿರು ಚೌಕ, ಮಹಡಿ ಮೆಟ್ಟಿಲಿನ ತುದಿಯಲ್ಲಿ ಬರಿಯ ಗಾಳಿಯ ಸುತ್ತ ನಿಂತಿತ್ತು.

"ಆ ಮೆಟ್ಟಿಲನ್ನ ಲೆಕ್ಕಕ್ಕೇ ತಗೋಬೇಡ ಅಂತ ಕ್ಯಾಮೆರಾಗೆ ಹೇಳ್ತೀನಿ ಬಿಡಿ ಅಕ್ಕಾ" ಎಂದು ಮತ್ತೆ ಬಂದ ಕ್ಯಾಮೆರಾದವನು ಫೋನಿನ ಚಿತ್ರದಲ್ಲಿ ಆ ಜಾಗಕ್ಕೆ ಕಪ್ಪು ಬಳಿದ. ಚೌಕ ಒಂದು ಮೆಟ್ಟಿಲು ಕೆಳಗೆ ಬಂತು. ಅದಕ್ಕೂ ಬಳಿದ, ಇನ್ನೊಂದು ಇಳಿಯಿತು. ಮೆಟ್ಟಿಲ ಬುಡದಲ್ಲೇ ನನ್ನ ಕೋಣೆ.

ವಿಷಯ ತಿಳಿದ ತಮ್ಮ ಫೋನು ಮಾಡಿ, "ಬೀಗ ಜಡಿದು ನಮ್ಮನೆಗೆ ಬಂದ್ಬಿಡಕ್ಕ" ಎಂದ.

"ನಾನ್ಯಾಕೋ ಬರ್ಲಿ? ಮನೆ ನಂದು. ಬೇಕಾದ್ರೆ ಅದನ್ನೇ ಕರ್ಕೊಂಡು ಹೋಗು."

ಬಳಿದ ಕಪ್ಪನ್ನೆಲ್ಲ ಅಳಿಸಿಹಾಕಿಸಿದೆ. ದೇವರನ್ನು ನೆನೆದು, ಫೋನು ಕೈಯಲ್ಲಿ ಹಿಡಿದು, ಕೆಳಗಿನ ಕೊನೆಯ ಮೆಟ್ಟಿಲಿಗೆ ಅಡ್ಡವಾಗಿ ಕೂತು, "ಇಲ್ಲಿಂದೀಚೆಗೆ ನಂದು" ಎಂದು ಗಟ್ಟಿಯಾಗಿ ಹೇಳಿದೆ.

ಚೌಕ ತುದಿಯಿಂದ ಇಳಿಯುತ್ತ ಬಂದು, ನನ್ನ ಬೆನ್ನ ಹಿಂದಿನ ಮೆಟ್ಟಿಲಲ್ಲಿ ಯಾರೋ ಕೂತಂತೆ ಗಿಡ್ಡವಾಯಿತು. ನಾನು ಕದಲಲಿಲ್ಲ. ಅದೂ ಮುಂದೆ ಬರಲಿಲ್ಲ.

ಇವತ್ತಿಗೂ ನಾನು ಇದೇ ಮನೆಯಲ್ಲಿದ್ದೇನೆ. ಅವತ್ತು ನನ್ನ ಬೆನ್ನ ಹಿಂದಿದ್ದ, ಬಿಸಿಲೇ ಬೀಳದ ಆ ಕಲ್ಲಿನ ಮೆಟ್ಟಿಲು, ಮುಟ್ಟಿದರೆ ಬೆಚ್ಚಗಿರುತ್ತದೆ.