ಯಾವಾಗಲಾದರೊಮ್ಮೆ ಒಂದು ಶೇಂಗಾ

ಯಂತ್ರದ ಬಾಯಿಗೆ ಸಿಕ್ಕಿಕೊಂಡಿದ್ದ ಬಾಟಲಿ ಮುಚ್ಚಳಗಳನ್ನು ಭಾರ್ಗವಿ ಕಡ್ಡಿಯಿಂದ ಕೆದಕಿ ತೆಗೆಯುತ್ತಿದ್ದಾಗ ಕುಂಟು ಕಾಗೆ ಮತ್ತೆ ಬಂತು. ಕೊಕ್ಕಿನಲ್ಲಿದ್ದ ನೀಲಿ ಮುಚ್ಚಳವನ್ನು ಒಳಗೆ ಹಾಕಿ, ಕೆಳಗಿನ ತಟ್ಟೆಯತ್ತ ಕತ್ತು ಓರೆ ಮಾಡಿ ನೋಡಿತು. ಏನೂ ಬೀಳಲಿಲ್ಲ. ಮತ್ತೆ ಕಡಲಂಚಿಗೆ ಹಾರಿತು.

೨೦೫೮ರಲ್ಲಿ ಹೊನ್ನಾವರದ ಈ ತೀರವನ್ನು ಗುಡಿಸುತ್ತಿದ್ದುದು ಕಾಗೆಗಳೇ. ಪ್ಲಾಸ್ಟಿಕ್ ತಂದು ಹಾಕಿದರೆ ಯಂತ್ರ ಶೇಂಗಾ ಉದುರಿಸುತ್ತಿತ್ತು. ಮೊದಮೊದಲು ಪ್ರತಿ ತುಂಡಿಗೂ ಒಂದು. ಆಮೇಲೆ ವಿಜ್ಞಾನಿ ನಿಹಾಲ್ ಅದನ್ನು ಭಾಗಶಃ ಬಹುಮಾನಕ್ಕೆ ಬದಲಿಸಿದ. ಅಂದರೆ ಯಾವಾಗಲಾದರೊಮ್ಮೆ ಮಾತ್ರ, ಯಾವಾಗ ಎಂದು ಕಾಗೆಗೆ ತಿಳಿಯದಂತೆ. ಕಾಗೆಗಳು ಇನ್ನಷ್ಟು ದುಡಿದವು. ಈಗ ಯೋಜನೆ ಮುಗಿದು, ಯಂತ್ರ ಖಾಲಿಯಾಗಿ ತಿಂಗಳಾಗಿತ್ತು. ಗಾಳಿಮರದ ಗೂಡಿನಲ್ಲಿ ಕುಂಟಿಯ ಮರಿಗಳು ಹಸಿದು ಅರಚುತ್ತಿದ್ದವು.

“ಇದಕ್ಕೆ ಬುದ್ಧಿ ಬರೂದಿಲ್ವಾ ಸರ್? ಮರಿ ಬಿಟ್ಕಂಡು ಬತ್ತದೆ.”

ಕ್ಯಾಮೆರಾ ಬಿಚ್ಚಲು ಬಂದಿದ್ದ ನಿಹಾಲ್ ತಲೆ ಎತ್ತಲಿಲ್ಲ. “ಬುದ್ಧಿ ಇರೋದಕ್ಕೇ ಹೀಗೆ, ಅಕ್ಕ. ಪ್ರತಿ ಸಲ ಸಿಗ್ತಿದ್ರೆ, ನಿಂತ ಕೂಡಲೇ ಗೊತ್ತಾಗಿ ಬಿಟ್ಟು ಹೋಗ್ತಿದ್ವು. ಇವಕ್ಕೆ ಸಿಗದೇ ಇರೋದೂ ರೂಢಿಯಾಗಿದೆ. ಇನ್ನೊಂದು ಸಲ ನೋಡೋಣ ಅಂತ ಬರ್ತಾವೆ.”

“ನಾನೇ ಒಂದೊಂದ್ ಸಲ ನಾಕು ಕಾಳು ಹಾಕ್ಲಾ?”

“ಬೇಡಿ! ಆಸೆ ಇನ್ನೂ ಗಟ್ಟಿಯಾಗತ್ತೆ.”

“ಹಂಗಾರೆ ಯಂತ್ರ ಕಿತ್ತಾಕಿ.”

“ಆಚೆ ತೀರದಲ್ಲಿ ಕಿತ್ತಿದ್ದಾಯ್ತು. ಬರೀ ಕಟ್ಟೆ ಮೇಲೆ ಮುಚ್ಚಳ ಇಟ್ಟು ಕಾಯ್ತಾ ಕೂತಿರ್ತಾವೆ.” ಅವನ ದನಿ ತಗ್ಗಿತು. “ಕಲಿಸೋದನ್ನ ಯೋಚಿಸಿದ್ವಿ, ಅಕ್ಕ. ಮರೆಸೋದನ್ನ ಯಾರೂ ಯೋಚಿಸ್ಲಿಲ್ಲ.”

“ಎಂತಾ ಓದಿದ್ರಿ ಮಾರಾಯ್ರೆ!” ಎಂದು ನಗಲು ನೋಡಿದಳು. ನಗು ಬರಲಿಲ್ಲ. ಗೂಡಿನಲ್ಲಿ ಒಂದು ಮರಿಯ ದನಿ ಆಗಲೇ ನಿಂತಿತ್ತು.

ಮಧ್ಯಾಹ್ನ ಗಂಡ ಗಜಾನನನಿಗೆ ಬಂಗಡೆ ಸಾರು ಬಡಿಸಿ, ಎಂದಿನಂತೆ ಅಡುಗೆಮನೆಯ ಬಾಗಿಲಿಗೆ ಒರಗಿದಳು. ಮೊದಲ ತುತ್ತು ನುಂಗುವಾಗ ಅವನ ಮುಖ ನೋಡುವುದು ಮದುವೆಯಾದ ಹೊಸತರಿಂದ ಬಂದ ರೂಢಿ. ಹೋದ ಮಳೆಗಾಲದಲ್ಲೊಮ್ಮೆ ಅವನು, “ಸಾರು ಲಾಯ್ಕಾಗ್ಯದೆ” ಅಂದಿದ್ದ. ಆ ಒಂದು ಮಾತಿನ ಮೇಲೆ ಇಷ್ಟು ತಿಂಗಳು ಬಡಿಸಿದ್ದಳು.

ಅವನು ತುತ್ತು ಕಲಸಿದ. ತನ್ನ ಕತ್ತು ಓರೆಯಾಗಿರುವುದು ಆಗ ಭಾರ್ಗವಿಗೆ ತಿಳಿಯಿತು.

ಮೆಲ್ಲಗೆ ನೆಟ್ಟಗೆ ಮಾಡಿಕೊಂಡು ಒಳಗೆ ಹೋದಳು. ತನಗೊಂದು ತಟ್ಟೆ ತೆಗೆದು, ಮೀನಿನ ನಡುವಿನ ತುಂಡನ್ನೇ ಹಾಕಿಕೊಂಡಳು. ಬೆನ್ನಿಗೆಲ್ಲ ಕಿವಿ ಮೂಡಿದಂತಿತ್ತು.

“ಏ, ಇವತ್ತು ಸಾರು...” ಎಂದು ಹೊರಗಿನಿಂದ ಅವನು ಶುರು ಮಾಡಿದ.

ಉಳಿದದ್ದು ಕೇಳಿಸದಂತೆ ಅವಳು ನಲ್ಲಿಯನ್ನು ಪೂರ್ತಿ ತಿರುಗಿಸಿದಳು.