ಕೊನೆಯ ಕಮಾನಿನ ಮುಖ

ಮಾಸ್ಕೋ ಮಹಾನಗರದಲ್ಲಿ ಹಿಮ ಕರಗತೊಡಗಿದ ದಿನಗಳವು. ನಾಲ್ಕು ತಿಂಗಳು ಕಲ್ಲಿನಂತೆ ಬಿಗಿದುಕೊಂಡಿದ್ದ ನದಿ ಅಲ್ಲಲ್ಲಿ ಸದ್ದು ಮಾಡಿ ಬಿರಿಯುತ್ತಿತ್ತು. ಕೋಟೆಯೊಳಗಿನ ಹೊನ್ನಿನ ಗುಮ್ಮಟಗಳು ಎಳೆಬಿಸಿಲಿಗೆ ಪ್ರಜ್ವಲಿಸುತ್ತಿದ್ದವು. ಅವುಗಳ ಬುಡದಲ್ಲಿ ಜಾರುಬಂಡಿಗಳು ಕೆಸರಿನಲ್ಲಿ ಹೂತುಹೋಗಿ, ಕುದುರೆಗಳೂ ಸವಾರರೂ ಸಮಸಮವಾಗಿ ಬೈಸಿಕೊಳ್ಳುತ್ತಿದ್ದರು. ಈಸ್ಟರ್ ಹಬ್ಬಕ್ಕೆ ಮುಂಚಿನ ಮಹಾ ಉಪವಾಸ ನಡೆದಿತ್ತಾದ್ದರಿಂದ ಅಂಗಡಿಬೀದಿಯಲ್ಲಿ ಎಲೆಕೋಸು, ಉಪ್ಪಿನಲ್ಲಿಟ್ಟ ಅಣಬೆ, ಕಪ್ಪು ರೊಟ್ಟಿಗಳ ಹೊರತು ಬೇರೇನೂ ಇರಲಿಲ್ಲ. ಮಾಂಸ, ಹಾಲು, ಮೊಟ್ಟೆಗಳನ್ನು ಅಷ್ಟೂ ವಾರ ಕಣ್ಣೆತ್ತಿ ನೋಡಬಾರದೆಂಬುದು ಆ ನಾಡಿನ ಕಟ್ಟಳೆ. ಯಾವ ತ್ಸಾರ್ ದೊರೆಯ ಕಾಲವಿದು ಎಂದು ವಂಶಾವಳಿಗಳಲ್ಲಿ ಹುಡುಕಲು ಹೋಗಬೇಡಿ. ಇದು ಕತೆ, ಅಲ್ಲಿ ಸಿಗುವುದಿಲ್ಲ.

ಅರಮನೆಯ ಸಭಾಂಗಣದ ಉದ್ದನೆಯ ಗೋಡೆಯ ಮೇಲೆ, ಕಮಾನಿಗೊಬ್ಬರಂತೆ, ಆ ದೇಶದ ದೊರೆಗಳೆಲ್ಲ ಸಾಲಾಗಿ ನಿಂತಿದ್ದರು. ದೋಣಿಯಲ್ಲಿ ಬಂದು ರಾಜ್ಯ ಕಟ್ಟಿದ ಮೊದಲಿಗನಿಂದ ಹಿಡಿದು, ಅಣ್ಣನನ್ನು ಕೊಲ್ಲಿಸಿ ಪಟ್ಟವೇರಿದವನು, ತಮ್ಮನಿಗೆ ಹೆದರಿ ಸನ್ಯಾಸಿಯಾದವನು, ತೊಟ್ಟಿಲಲ್ಲೇ ಕಿರೀಟ ಪಡೆದವನು, ಎಲ್ಲರಿಗೂ ಚಿತ್ರಕಾರರು ಒಂದೇ ಬಗೆಯ ಪುಣ್ಯವಂತ ಮುಖ ದಯಪಾಲಿಸಿದ್ದರು. ಕೊನೆಯ ಕಮಾನಿಗೆ ಮಾತ್ರ ಪರದೆ ಬಿಟ್ಟಿತ್ತು. ಅದರ ಮುಂದೆ ಒನೀಸಿಮ್ ಎಂಬ ಚಿತ್ರಕಾರ ಬಣ್ಣದ ಬಟ್ಟಲುಗಳನ್ನಿಟ್ಟುಕೊಂಡು ಕೂತಿದ್ದ. ಅರಮನೆಯ ಚಿತ್ರಶಾಲೆಯಲ್ಲಿ ಉಡುಪು ಬರೆಯುವವರು ಬೇರೆ, ಮುಖ ಬರೆಯುವವರು ಬೇರೆ, ಒನೀಸಿಮ್ ಮುಖದವನು. ಐವತ್ತು ದಾಟಿದ್ದರೂ ಬಾಗಿಲು ಜೋರಾಗಿ ಬಡಿದರೆ ಬೆಚ್ಚಿಬೀಳುವ ಸ್ವಭಾವ. ಆ ದಿನ ಅವನ ಪ್ರಾಣವೇ ಬಾಯಿಗೆ ಬಂದಿತ್ತು.

ಕಾರಣ ಹೇಳುತ್ತೇನೆ. ಆ ನಾಡಿನಲ್ಲಿ ರಾಜಕುಮಾರರಿಗೆ ದೃಷ್ಟಿಯಾಗದಿರಲೆಂದು ಅವರನ್ನು ಪ್ರಾಯಕ್ಕೆ ಬರುವವರೆಗೆ ಪರಜನರ ಕಣ್ಣಿಗೆ ಬೀಳಿಸುತ್ತಿರಲಿಲ್ಲ. ಅಂಗಳ ದಾಟುವಾಗಲೂ ಸೇವಕರು ನಾಲ್ಕು ಕಡೆ ಕೆಂಪು ಬಟ್ಟೆ ಹಿಡಿಯುತ್ತಿದ್ದರು. ನಮ್ಮ ಅಜ್ಜಿಯರು ಕೆನ್ನೆಗೊಂದು ಕಪ್ಪು ಬೊಟ್ಟಿಟ್ಟು ಸುಮ್ಮನಾದರು, ಅವರು ಮಗುವನ್ನೇ ಮುಚ್ಚಿಟ್ಟರು. ಯಾರೂ ಕಾಣದ ಮಗುವನ್ನು ಯಾರು ಬೇಕಾದರೂ ಅದಲುಬದಲು ಮಾಡಬಹುದೆಂಬುದು ಮುದಿ ತ್ಸಾರನಿಗೆ ಹಾಸಿಗೆ ಹಿಡಿದ ಮೇಲೆ ಹೊಳೆಯಿತು. ಉಪವಾಸಕ್ಕೆ ಮೊದಲೇ ಒನೀಸಿಮನನ್ನು ಕರೆಸಿ, ಹನ್ನೊಂದು ವರ್ಷದ ತನ್ನ ಒಬ್ಬನೇ ಮಗ ಗ್ಲೇಬನ ಮುಖವನ್ನು ಕೊನೆಯ ಕಮಾನಿನಲ್ಲಿ ಬರೆಸಿದ. ಪಟ್ಟದ ದಿನ ಸಭೆಯು ಚಿತ್ರವನ್ನೂ ಮಗುವನ್ನೂ ಒಟ್ಟಿಗೆ ನೋಡಿ, ಆಮೇಲೆ ಶಿಲುಬೆಗೆ ಮುತ್ತಿಟ್ಟು ನಿಷ್ಠೆಯ ಆಣೆ ಮಾಡಬೇಕೆಂದು ಶಾಸನವನ್ನೂ ಹೊರಡಿಸಿದ.

ಚಿತ್ರಕ್ಕೆ ಕೂತಿದ್ದಾಗ ಆ ಮಗು ಕೇಳಿತ್ತು, "ಅಪ್ಪಾಜಿಯವರು ಹೋದಮೇಲೆ ನಾನು ಯಾರೆಂದು ಜನರಿಗೆ ಗೊತ್ತಾಗುವುದು ಹೇಗೆ?"

"ಈ ಗೋಡೆ ಹೇಳುತ್ತದೆ, ಸ್ವಾಮಿ," ಎಂದಿದ್ದ ಒನೀಸಿಮ್. ಉಯ್ಯಾಲೆಯಿಂದ ಬಿದ್ದು ಮಗುವಿನ ಎಡಹುಬ್ಬಿನಲ್ಲಿ ಉಳಿದಿದ್ದ ಗಾಯದ ಗೆರೆಯನ್ನೂ ಬಿಡದೆ ಬರೆದು, ಮೇಲೆ ಅಗಸೆ ಎಣ್ಣೆಯ ಲೇಪ ಕೊಟ್ಟಿದ್ದ.

ತ್ಸಾರ್ ತೀರಿಕೊಂಡ. ಮಗುವಿನ ಪಾಲಕನಾಗಿ ನಿಂತವನು ಝಗ್ರೇಬಿನ್ ಪ್ರಭು. ನಲವತ್ತು ವರ್ಷ ಒಂದು ಉಪವಾಸವನ್ನೂ ತಪ್ಪಿಸದವನೆಂದು ಊರೆಲ್ಲ ಕೈಮುಗಿಯುತ್ತಿದ್ದ ದೈವಭಕ್ತ. ವಾರದೊಳಗೆ ಮಗುವಿನ ದಾದಿ ದೂರದೇಶಕ್ಕೆ ಹೋದಳು, ಗುರು ಎಲ್ಲಿಗೆ ಹೋದನೆಂಬುದೇ ತಿಳಿಯಲಿಲ್ಲ. ಗ್ಲೇಬನ ಮುಖ ಬಲ್ಲವನು ಒನೀಸಿಮ್ ಒಬ್ಬನೇ ಉಳಿದ. ಆ ಬೆಳಗ್ಗೆ ಪ್ರಭು ತನ್ನ ಮೊಮ್ಮಗನ ಕೈಹಿಡಿದು ಸಭಾಂಗಣಕ್ಕೆ ಬಂದ.

"ಚಿತ್ರಕಾರರೇ, ಹಳೆಯ ಮುಖದಲ್ಲಿ ದೋಷಗಳಿವೆ. ಇದೋ, ಯುವರಾಜ ತ್ಸಾರೆವಿಚ್ ಗ್ಲೇಬರು. ಮೂರು ದಿನಗಳಲ್ಲಿ ತಿದ್ದಿ ಬರೆಯತಕ್ಕದ್ದು."

ಒನೀಸಿಮ್ ಎದ್ದು ನಿಂತ. "ಪ್ರಭುಗಳೇ, ರಾಜವಂಶದ ಚಿತ್ರವನ್ನು ಕೆಡಿಸಿದವನ ಬಲಗೈಯನ್ನು ಮಣಿಕಟ್ಟಿಗೆ ಕತ್ತರಿಸಬೇಕೆಂದು ಶಾಸನವಿದೆ."

"ಹೌದು. ಬರೆಯದಿದ್ದರೆ ತಲೆ ಎಂದು ನಾನು ಹೇಳುತ್ತಿದ್ದೇನೆ. ಎಣಿಸಿ ನೋಡಿ." ಪ್ರಭು ಜಪಮಾಲೆಯ ಮಣಿ ಸರಿಸಿದ. "ಮೇಲಿನ ಕೋಣೆಯಲ್ಲೊಬ್ಬ ರೋಗಿಷ್ಠ ಬಾಲಕನಿದ್ದಾನೆ. ಪಟ್ಟಾಭಿಷೇಕದ ಮರುದಿನ ಅವನು ಉತ್ತರದ ಮಠಕ್ಕೆ ಹೋಗುತ್ತಾನೆ. ಅವನ ವಿಷಯ ನಿಮಗೆ ಬೇಡ."

ಮೇಲಿನಿಂದ ಕೆಮ್ಮು ಕೇಳಿಸಿತು. ಆ ಕೆಮ್ಮನ್ನು ಒನೀಸಿಮ್ ಬಲ್ಲ. ನಾಚಿಕೆಯ ಮಾತಾದರೂ ಹೇಳಬೇಕು, ಅವನು ಒಪ್ಪಿಕೊಂಡ. ಹೆದರಿದ ಮನುಷ್ಯನಿಂದ ಬೇರೇನನ್ನು ನಿರೀಕ್ಷಿಸುತ್ತೀರಿ?

ಬೂದಿಯಿಂದ ಹಳೆಯ ಮುಖದ ಜಿಡ್ಡು ಒರೆಸಿ, ಬಣ್ಣ ಅರೆದು, ಅವನು ಅಭ್ಯಾಸಬಲದಿಂದ ಕೇಳಿದ, "ಪ್ರಭುಗಳೇ, ನಾಲ್ಕು ಮೊಟ್ಟೆ ತರಿಸಬೇಕು."

ಝಗ್ರೇಬಿನ್ ಪ್ರಭುವಿನ ಮುಖ ಕೆಂಪೇರಿತು. "ಮಹಾ ಉಪವಾಸದಲ್ಲಿ, ನನ್ನ ಮೇಲ್ವಿಚಾರಣೆಯ ಅರಮನೆಯಲ್ಲಿ, ಮೊಟ್ಟೆ ಒಡೆಯುವುದೇ?"

"ತಿನ್ನುವುದಕ್ಕಲ್ಲ, ಪ್ರಭು. ಬಣ್ಣಕ್ಕೆ ಹಳದಿಯ ಭಾಗ ಮತ್ತು ಕ್ವಾಸ್ ಎರಡನ್ನೂ ಬೆರೆಸುವುದು ಪದ್ಧತಿ. ಹಳದಿಯಿಲ್ಲದಿದ್ದರೆ..."

"ಸಾಕು. ಕ್ವಾಸ್ ಕಳಿಸುತ್ತೇನೆ, ಅದರಲ್ಲೇ ಮುಗಿಸಿ. ನನ್ನ ಆತ್ಮಕ್ಕೆ ಈ ಪಾಪ ಬೇಡ."

ಸಿಂಹಾಸನ ಕದಿಯುವಾಗ ಅಲುಗದ ಆತ್ಮ ನಾಲ್ಕು ಮೊಟ್ಟೆಗೆ ಅಲುಗಿತು. ರೊಟ್ಟಿ ನೆನೆಸಿ ಹುಳಿ ಬರಿಸಿದ ಆ ಕ್ವಾಸ್ ಪಾನೀಯದ ಒಂದು ತಂಬಿಗೆ ಬಂತು. ಒನೀಸಿಮ್ ತಂಬಿಗೆಯನ್ನು ನೋಡುತ್ತ ಕೂತ. ಮೊಟ್ಟೆಯೇ ಬಣ್ಣವನ್ನು ಹಿಡಿದಿಡುವುದು. ಬರಿಯ ಕ್ವಾಸಿನಲ್ಲಿ ಕಲಸಿದ್ದು ಒಣಗಿದರೂ ನೀರು ತಾಗಿದೊಡನೆ ಇಳಿದುಹೋಗುತ್ತದೆ. ಪಟ್ಟದ ದಿನ ಹೊಸ ಚಿತ್ರಕ್ಕೆ ತೀರ್ಥ ಪ್ರೋಕ್ಷಣೆಯಾಗದೆ ಆಣೆಯಾಗುವುದಿಲ್ಲ. ಇದನ್ನು ಹೇಳಿಬಿಟ್ಟರೆ ಪ್ರಭು ಮೊಟ್ಟೆಯನ್ನೇನು, ಕೋಳಿಯನ್ನೇ ತರಿಸಿಯಾನು. ಹೇಳದಿದ್ದರೆ ತಾನು ಉಳಿಯುವುದಿಲ್ಲ. ಮೇಲೆ ಮತ್ತೆ ಕೆಮ್ಮು ಕೇಳಿಸಿತು. ಅವನು ತಂಬಿಗೆ ಎತ್ತಿ ಬಟ್ಟಲಿಗೆ ಸುರಿದ.

ಮೂರನೆಯ ದಿನ ಮಧ್ಯಾಹ್ನ ಪ್ರಭು ಬಂದು ನೋಡಿದ. ಗೋಡೆಯ ಮೇಲೆ ಅವನ ಮೊಮ್ಮಗ ತದ್ರೂಪಾಗಿ ನಿಂತಿದ್ದ. ಮೆಚ್ಚಿದ ಪ್ರಭು ಕೆನ್ನೆ ಸವರಲು ಬೆರಳು ಚಾಚಿದ. ಬೆರಳಿಗೆ ಬಣ್ಣದ ಪುಡಿ ಹತ್ತಿದರೆ ಅಲ್ಲಿಗೆ ಎಲ್ಲ ಮುಗಿಯಿತು.

"ಇನ್ನೂ ಹಸಿ, ಪ್ರಭುಗಳೇ," ಎಂದ. ತನ್ನದೇ ದನಿ ಅವನಿಗೆ ಗುರುತು ಸಿಗಲಿಲ್ಲ.

ಪ್ರಭು ಬೆರಳು ಹಿಂತೆಗೆದುಕೊಂಡ. "ಗಟ್ಟಿಯಾಗಿ ನಿಲ್ಲುತ್ತದಷ್ಟೆ?"

"ಅಪ್ಪಣೆಯಾದಂತೆ ಬರೆದಿದ್ದೇನೆ," ಎಂದ ಒನೀಸಿಮ್.

ಪಟ್ಟದ ದಿನ ಸಭಾಂಗಣ ಕಿಕ್ಕಿರಿದಿತ್ತು. ಜರತಾರಿ ನಿಲುವಂಗಿಯ ಭಾರಕ್ಕೆ ಬಳಲಿದ ಮೊಮ್ಮಗ ಅಳುಮೋರೆ ಹಾಕಿ ನಿಂತಿದ್ದ. ಕಂಬದ ಪಕ್ಕದಲ್ಲಿ ಒನೀಸಿಮ್ ಬಲಗೈಯನ್ನು ಕಂಕುಳಲ್ಲಿ ಅಡಗಿಸಿಕೊಂಡು ಕಾಯುತ್ತಿದ್ದ. ವೃದ್ಧ ಧರ್ಮಾಧ್ಯಕ್ಷ ಪಫ್ನೂತಿಯವರು ಚಿತ್ರವನ್ನೂ ಮಗುವನ್ನೂ ನೋಡಿ ತಲೆದೂಗಿ, ಕುಂಚವನ್ನು ತೀರ್ಥದ ಪಾತ್ರೆಯಲ್ಲಿ ಅದ್ದಿದರು. ನಮ್ಮಲ್ಲಿ ಪ್ರೋಕ್ಷಣೆಯೆಂದರೆ ನಾಲ್ಕು ಹನಿ. ಅಲ್ಲಿ ಕುಂಚವೇ ಪೊರಕೆಯಷ್ಟು ದಪ್ಪ. ಮೂರು ಸಲ ಬೀಸಿದರೆ ಗೋಡೆ ತೊಯ್ದು ತೊಪ್ಪೆಯಾಗುತ್ತದೆ.

ಮೊದಲ ಬೀಸಿಗೆ ಕೆನ್ನೆ ಕರಗಿತು. ಎರಡನೆಯದಕ್ಕೆ ಮೂಗು ಗಲ್ಲದ ಮೇಲೆ ಇಳಿಯಿತು. ಮೂರನೆಯದಕ್ಕೆ, ಹರಿಯುವ ಕೆಸರಿನೊಳಗಿಂದ ಬೇರೊಂದು ಮಗು ಸಭೆಯನ್ನು ನೋಡಿತು. ಅದರ ಎಡಹುಬ್ಬಿನಲ್ಲಿ ಗಾಯದ ಗೆರೆಯಿತ್ತು.

"ಮಾಟ!" ಎಂದು ಝಗ್ರೇಬಿನ್ ಕೂಗಿದ. ಯಾರೂ ಅವನತ್ತ ತಿರುಗಲಿಲ್ಲ.

"ಮೇಲಿನ ಮುಖ ಯಾರ ಕೈಯದು?" ಧರ್ಮಾಧ್ಯಕ್ಷರು ಕೇಳಿದರು.

ಒನೀಸಿಮ್ ಕಂಕುಳಿಂದ ಕೈ ತೆಗೆದು ಎತ್ತಿದ. "ನನ್ನದು, ಪೂಜ್ಯರೇ. ಕೆಳಗಿನದೂ ನನ್ನದೇ. ಅದು ಸತ್ಯದ್ದು."

"ಮೇಲಿನದನ್ನು ಯಾಕೆ ಬರೆದಿರಿ?"

"ಜೀವಭಯದಿಂದ."

"ಅದು ನಿಲ್ಲಲಿಲ್ಲವೇಕೆ?"

"ಬಣ್ಣಕ್ಕೆ ಮೊಟ್ಟೆ ಬೇಕಿತ್ತು. ಉಪವಾಸವೆಂದು ಪ್ರಭುಗಳು ಕೊಡಲಿಲ್ಲ. ಗೋಡೆಯ ಮೇಲಿರುವ ತ್ಸಾರೆವಿಚ್ ಮೇಲಿನ ಕೋಣೆಯಲ್ಲಿ ಕೆಮ್ಮುತ್ತಿದ್ದಾರೆ. ದಯವಿಟ್ಟು ಬೇಗ ಕರೆತನ್ನಿ."

ಧರ್ಮಾಧ್ಯಕ್ಷರು ಕಾವಲಿನ ದಳಪತಿಯತ್ತ ನೋಡಿದರು. ಅವನು ಒಮ್ಮೆ ಪ್ರಭುವನ್ನು, ಒಮ್ಮೆ ಗೋಡೆಯನ್ನು ನೋಡಿ, ಮೆಟ್ಟಿಲೇರಿ ಓಡಿದ. ಝಗ್ರೇಬಿನನ ಎರಡೂ ಪಕ್ಕದಲ್ಲಿ ಈಟಿಗಳು ನಿಂತವು. ಅಷ್ಟರಲ್ಲಿ ಶಾಸನ ಬಲ್ಲ ಕರಣಿಕನೊಬ್ಬ ಮುಂದೆ ಬಂದು, ಚಿತ್ರ ಕೆಡಿಸಿದ ಕೈಗೆ ಶಿಕ್ಷೆ ಆಗಲೇಬೇಕು, ಪಟ್ಟಕ್ಕೆ ಮೊದಲೇ ಆಗಬೇಕು, ಆಮೇಲೆ ಸಲ್ಲದು ಎಂದು ನೆನಪಿಸಿದ. ಇಂಥವರು ಎಲ್ಲ ರಾಜ್ಯಗಳಲ್ಲೂ ಇರುತ್ತಾರೆ. ಧರ್ಮಾಧ್ಯಕ್ಷರು ತಲೆತಗ್ಗಿಸಿದರು. ಶಾಸನ ಶಾಸನವೇ. ಒನೀಸಿಮ್ ಅಂಗಿಯ ಬಲತೋಳನ್ನು ಮೇಲಕ್ಕೆ ಮಡಿಸಿಕೊಂಡ.

ಗ್ಲೇಬ್ ಇಳಿದು ಬಂದ. ಸುತ್ತ ಕೆಂಪು ಬಟ್ಟೆಯಿರಲಿಲ್ಲ. ಹುಟ್ಟಿದಾಗಿನಿಂದ ಹತ್ತು ಕಣ್ಣುಗಳನ್ನೂ ಕಾಣದಿದ್ದ ಮಗುವಿನ ಮೇಲೆ ಸಾವಿರ ಕಣ್ಣುಗಳು ಬಿದ್ದವು. ಅವನು ಬಿಳಿಚಿಕೊಂಡು ಬಾಗಿಲಲ್ಲೇ ನಿಂತುಬಿಟ್ಟ. ಆಮೇಲೆ ಆ ಮುಖಗಳ ನಡುವೆ ಗುರುತಿನದೊಂದನ್ನು ಕಂಡು, ನೇರವಾಗಿ ಕಂಬದ ಬಳಿಗೆ ಓಡಿ, ಒನೀಸಿಮನ ಬಲಗೈಯನ್ನು ತನ್ನೆರಡೂ ಕೈಗಳಿಂದ ಹಿಡಿದುಕೊಂಡ.

ಕರಣಿಕ ಕೆಮ್ಮಿದ. "ತ್ಸಾರೆವಿಚ್, ಆ ಕೈಯನ್ನು ಬಿಡಬೇಕು."

"ಬಿಡುವುದಿಲ್ಲ," ಎಂದ ಗ್ಲೇಬ್. "ನನಗೆ ಹೆದರಿಕೆಯಾಗುತ್ತದೆ."

ಬಿಡಲೂ ಇಲ್ಲ. ಸಿಂಹಾಸನದ ಮೆಟ್ಟಿಲನ್ನು ಹಾಗೇ ಹತ್ತಿದ. ಕಿರೀಟ ತಲೆಗೇರುವಾಗಲೂ, ಸಾಮಂತರೆಲ್ಲ ಒಬ್ಬೊಬ್ಬರಾಗಿ ಬಂದು ಶಿಲುಬೆಗೆ ಮುತ್ತಿಡುವಾಗಲೂ, ಬಣ್ಣ ಮೆತ್ತಿದ ಆ ಕೈ ಅವನ ಮುಷ್ಟಿಯಲ್ಲೇ ಇತ್ತು. ಸಂಜೆಯ ಹೊತ್ತಿಗೆ ಪಟ್ಟವಾಗಿ ಬಹಳ ಹೊತ್ತಾಗಿತ್ತು. ಕರಣಿಕ ತನ್ನ ಶಾಸನದ ಸುರುಳಿಯನ್ನು ಸುತ್ತಿಕೊಂಡು ಮನೆಗೆ ಹೋದ.